ಅಂಜೂರದ ತೊಟ್ಟಿಗೆ ಹಾಲು ಬಂದದ್ದು

ಲೋಕ ಆಗಿನ್ನೂ ಹೊಸದು. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಗಾಳಿಗಂತೂ ಮಾತು ಬಂದು ನಾಲ್ಕೇ ದಿನ, ಸುಮ್ಮನಿರುವುದು ಅದಕ್ಕೆ ಗೊತ್ತೇ ಇರಲಿಲ್ಲ.

ಆ ಕಾಲದಲ್ಲಿ ಅಂಜೂರದ ಕಾಯಿ ಕಿತ್ತರೆ ತೊಟ್ಟಿನಲ್ಲಿ ಹಾಲು ಬರುತ್ತಿರಲಿಲ್ಲ. ಪಟಕ್ಕನೆ ಕಾಯಿ ಕೈಗೆ ಬರುತ್ತಿತ್ತು, ಅಷ್ಟೇ.

ಅಂಜೂರ ಬಿಸಿಲುನಾಡಿನ ಮರ. ಅದನ್ನು ಚಳಿಬೆಟ್ಟಕ್ಕೆ ತಂದವಳು ಬೊಮ್ಮಕ್ಕ. ಮದುವೆಯಾಗಿ ಬೆಟ್ಟ ಹತ್ತುವಾಗ ತವರಿನ ಹಿತ್ತಿಲಿನಿಂದ ಗೇಣುದ್ದದ ಕಡ್ಡಿಯೊಂದನ್ನು ಮುರಿದು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಒಲೆಯ ಹಿಂದಿನ ಗೋಡೆಗೆ ಒತ್ತಿಕೊಂಡ ಹಾಗೆ ಅದನ್ನು ನೆಟ್ಟಳು. ಹೊರಗಿನಿಂದ ಬಿಸಿಲು, ಒಳಗಿನಿಂದ ಬೆಂಕಿ. ಗೋಡೆ ಸಂಜೆಯವರೆಗೂ ಬೆಚ್ಚಗಿರುತ್ತಿತ್ತು. ಕಡ್ಡಿ ಚಿಗುರಿತು, ಗಿಡವಾಯಿತು, ಮರವಾಯಿತು.

ಬೊಮ್ಮಕ್ಕನಿಗೆ ಒಂದು ಹೆಣ್ಣುಮಗು ಹುಟ್ಟಿತ್ತು. ಮೂರು ತಿಂಗಳಿಗೆ ಚಳಿ ಅದನ್ನು ಕೊಂಡೊಯ್ಯಿತು. ಆಮೇಲೆ ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅಂಜೂರದ ಜೊತೆ ಮಾತ್ರ.

ಆ ವರ್ಷ ಮರ ಮೊದಲ ಸಲ ಮೈತುಂಬ ಕಾಯಿ ಬಿಟ್ಟಿತು. ಮಳೆಗಾಲ ಮುಗಿದರೂ ಒಂದೂ ಹಣ್ಣಾಗಲಿಲ್ಲ. ಕೊಂಬೆಯ ಕೆಳಭಾಗದಲ್ಲೆಲ್ಲ ನಿಂಬೆ ಗಾತ್ರದ ಹಸಿರು ಕಾಯಿ, ತುದಿಯಲ್ಲಿ ಮೆಣಸಿನ ಕಾಳಿನಷ್ಟು ಪುಟಾಣಿಗಳು.

ಆಗ ಬೆಟ್ಟದ ನೆತ್ತಿಯಿಂದ ಗಾಳಿ ಓಡಿಬಂತು. "ಬೊಮ್ಮಕ್ಕಾ, ಇನ್ನು ಎಂಟು ದಿನಕ್ಕೆ ಹಿಮ ಇಳೀತದೆ. ದೊಡ್ಡ ಕಾಯೆಲ್ಲ ಕಿತ್ತುಬಿಡು. ಅವು ಇನ್ನು ಹಣ್ಣಾಗೋದಿಲ್ಲ. ಅವಕ್ಕೆ ಉಣ್ಣಿಸ್ತಾ ಕೂತರೆ ಮರ ನಿದ್ದೆ ಮಾಡೋದಿಲ್ಲ. ಎಚ್ಚರ ಇರೋ ಮರದೊಳಗೆ ಹಿಮ ನುಗ್ಗಿಬಿಡ್ತದೆ."

"ಚಿಕ್ಕವು?"

"ಅವು ತುದೀಲಿ ಮುದುರಿಕೊಂಡು ಮಲಗ್ತವೆ. ಬೇಸಿಗೇಲಿ ಎದ್ದು ಹಣ್ಣಾಗ್ತವೆ."

"ನಾನು ಕೊಡೋದಿಲ್ಲ," ಎಂದಿತು ಅಂಜೂರ.

"ನಾನು ಕೀಳೋದಿಲ್ಲ," ಎಂದಳು ಬೊಮ್ಮಕ್ಕ. "ಹೆತ್ತು ಹೊತ್ತು ಗೊತ್ತಿಲ್ಲದ ನಿನ್ನ ಮಾತು ಯಾರು ಕೇಳ್ತಾರೆ? ಹೋಗು!"

ಮನೆಯ ಕಂಬಳಿಗಳನ್ನೆಲ್ಲ ತಂದು ಮರಕ್ಕೆ ಸುತ್ತಿದಳು. ಗಂಡ ಹೊದ್ದಿದ್ದ ಕಂಬಳಿಗೂ ಕೈಹಾಕಿದಳು.

"ನಾನೂ ಮನುಷ್ಯನೇ ಕಣೇ, ನನಗೂ ಚಳಿಯಾಗ್ತದೆ," ಎಂದ ಅವನು.

"ಒಲೆ ಮುಂದೆ ಕೂತ್ಕೊಳ್ಳಿ. ಮರಕ್ಕೆ ಎದ್ದು ಬರೋಕೆ ಕಾಲಿಲ್ಲ."

ಎಂಟನೆಯ ದಿನ ಬೆಳಿಗ್ಗೆ ಹಿಮ ಇಳಿಯಿತು. ಕಂಬಳಿ ಬಿಚ್ಚಿ ನೋಡಿದರೆ ದೊಡ್ಡವೂ ಉಳಿದಿಲ್ಲ, ಚಿಕ್ಕವೂ ಉಳಿದಿಲ್ಲ. ಎಲ್ಲ ಕಪ್ಪಾಗಿ ಕೊಳೆತುಹೋಗಿದ್ದವು. ಮುಟ್ಟಿದ ಕೊಂಬೆ ಮುರಿದು ಕೈಗೆ ಬಂತು. ಬೊಮ್ಮಕ್ಕ ಎರಡನೆಯ ಸಲ ಮಗುವನ್ನು ಕಳೆದುಕೊಂಡವಳಂತೆ ಅತ್ತಳು.

ಆದರೆ ಬೇರಿನಲ್ಲಿ ಜೀವವಿತ್ತು. ಬೇಸಿಗೆಯಲ್ಲಿ ನೆಲದಿಂದ ಒಂದು ಚಿಗುರು ಎದ್ದಿತು. ಮೂರನೆಯ ವರ್ಷಕ್ಕೆ ಮತ್ತೆ ಕೆಳಗೆ ನಿಂಬೆ ಗಾತ್ರದ ಕಾಯಿ, ತುದಿಯಲ್ಲಿ ಮೆಣಸಿನ ಕಾಳು. ಗಾಳಿಯೂ ಬಂತು. ಬಾಯಿ ಬಿಡಲು ಧೈರ್ಯವಾಗದೆ ಬೇಲಿಯ ಹತ್ತಿರವೇ ನಿಂತಿತು.

ಅಂಜೂರವೇ ಹೇಳಿತು. "ಅಕ್ಕಾ, ಕಿತ್ತುಬಿಡು. ನನಗೆ ಕೈಯಿಲ್ಲ."

"ನನ್ನಿಂದ ಆಗೋದಿಲ್ಲ ಕಣೇ."

"ತುದೀಲಿರೋವನ್ನ ನೋಡ್ಕೊಂಡು ಕೀಳು."

ಬೊಮ್ಮಕ್ಕ ತುದಿಯನ್ನೇ ನೋಡುತ್ತ ಮೊದಲ ಕಾಯಿಗೆ ಕೈಹಾಕಿದಳು. ಕಿತ್ತ ಜಾಗದಲ್ಲಿ ಬೆಳ್ಳಗೆ ಒಂದು ಹನಿ ಮೂಡಿತು. ಎರಡನೆಯದನ್ನು ಕಿತ್ತಳು, ಅಲ್ಲಿಯೂ ಮೂಡಿತು. ಹನಿ ಹನಿಯಾಗಿ ಅವಳ ಬೆರಳಿಗೆ ಇಳಿಯಿತು.

"ಅಯ್ಯೋ, ನೋವಾಯ್ತಾ?"

"ಅವು ಇನ್ನೂ ಕುಡೀತಾ ಇದ್ದವು ಅಕ್ಕಾ," ಎಂದಿತು ಮರ. "ಅವು ಹೋದದ್ದು ನನಗೆ ಗೊತ್ತಾಯ್ತು. ಹಾಲಿಗೆ ಗೊತ್ತಾಗಲಿಲ್ಲ."

ಬೊಮ್ಮಕ್ಕನಿಗೆ ಅದು ತಿಳಿಯದ ಸಂಗತಿಯೇ? ಮಗು ಮಣ್ಣಿಗೆ ಹೋದ ಮೇಲೂ ಒಂಬತ್ತು ದಿನ ಅವಳ ಎದೆಯ ಮೇಲಿನ ಸೆರಗು ಒದ್ದೆಯಾಗುತ್ತಿತ್ತು. ನಾಚಿಕೆಯೋ ಸಂಕಟವೋ, ಅದನ್ನು ಗಂಡನಿಗೂ ಹೇಳಿರಲಿಲ್ಲ. ಈಗ ಮರಕ್ಕೆ ಹಣೆಯಿಟ್ಟು ಎಲ್ಲವನ್ನೂ ಹೇಳಿಕೊಂಡಳು. ಹೇಳುತ್ತ ಹೇಳುತ್ತ ಕಿತ್ತಳು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು, ತುರಿಸಿದವು. ಕೈ ತೊಳೆಯಲು ಮಾತ್ರ ಅವಳಿಗೆ ಮನಸ್ಸಾಗಲಿಲ್ಲ.

ಹಿಮ ಬಂತು, ಮಲಗಿದ್ದ ಮರವನ್ನು ಸುತ್ತಿ ನೋಡಿ ಹೋಯಿತು. ಬೇಸಿಗೆಯಲ್ಲಿ ತುದಿಯ ಪುಟಾಣಿಗಳು ಕಣ್ಣುಬಿಟ್ಟವು, ಉಬ್ಬಿದವು, ನೇರಳೆ ಬಣ್ಣಕ್ಕೆ ತಿರುಗಿದವು. ಬೊಮ್ಮಕ್ಕ ಹೆದರುತ್ತಲೇ ಒಂದನ್ನು ಮುಟ್ಟಿದಳು. ಹಣ್ಣು ತಾನಾಗಿ ಅಂಗೈಗೆ ಬಂದು ಕೂತಿತು. ತೊಟ್ಟು ಒಣಗಿತ್ತು.

ಅಂದಿನಿಂದ ಇಂದಿನವರೆಗೂ, ಹಸಿ ಅಂಜೂರ ಕಿತ್ತರೆ ತೊಟ್ಟಿನಿಂದ ಹಾಲು ಸುರಿದು ಬೆರಳಿಗೆ ಅಂಟುತ್ತದೆ. ಪೂರ್ತಿ ಮಾಗಿದ ಹಣ್ಣಿನಲ್ಲಿ ಹನಿಯೂ ಕಾಣುವುದಿಲ್ಲ, ಏಕೆಂದರೆ ಅದು ಹೊಟ್ಟೆತುಂಬ ಕುಡಿದು ಹೊರಟಿರುತ್ತದೆ.