ಬೆಕ್ಕು ತೋರಿದ ಬಿಸಿಮುದ್ದೆ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಕೆಂಬೆಟ್ಟ ಅನ್ನೋ ರಾಜ್ಯದಲ್ಲಿ ಒಬ್ಬ ರಾಜ ಇದ್ದ. ಮಾಗಿ ಚಳಿಯಲ್ಲಿ ದಾರಿಹೋಕರು ಹಸಿದು ನಡುಗಬಾರದು ಅಂತ ಬೆಟ್ಟದ ದಾರಿಯಲ್ಲಿ ಒಂದು ಛತ್ರ ಕಟ್ಟಿಸಿದ್ದ. ಬಂದವರಿಗೆಲ್ಲ ಬಿಸಿ ಊಟ ಹಾಕೋ ಕೆಲಸ ತಿಪ್ಪಯ್ಯನದು. ರಾಗಿ ಅರಮನೆಯದು, ಅವರೆಕಾಳು ಅರಮನೆಯದು. ಹೊಟ್ಟೆ ಮಾತ್ರ ತಿಪ್ಪಯ್ಯನದು!

ಒಂದು ಬೆಳಗ್ಗೆ ಮಂಜು ಸುರೀತಿತ್ತು. ಒಬ್ಬ ಕುಂಬಾರ ಬಂದ. "ಒಲೆ ಹಚ್ಚಿಲ್ಲ, ಮುಂದೆ ಹೋಗು" ಅಂದ ತಿಪ್ಪಯ್ಯ. ಕುಂಬಾರ ಹುಣಿಸೆಮರದ ಕೆಳಗೆ ಮುದುರಿ ಕೂತ. ಒಬ್ಬ ಜೋಗಿ ಬಂದ. "ಒಲೆ ಹಚ್ಚಿಲ್ಲ, ಮುಂದೆ ಹೋಗು." ಜೋಗಿಯೂ ಮರದ ಕೆಳಗೆ ಕೂತ.

ಮೂರನೆಯವಳು ಬಳೆ ಮಾರೋ ಚಿಕ್ಕತಾಯಿ. ಅವಳ ಬೆನ್ನ ಮೇಲೆ ಅತ್ತೆ ಕೆಂಚವ್ವ. ಮುದುಕಿಯ ಕೈಕಾಲು ಮರಗಟ್ಟಿತ್ತು, ತುಟಿ ನೀಲಿಗಟ್ಟಿತ್ತು.

"ನನ್ನ ಇಲ್ಲೇ ಬಿಟ್ಟು ಹೋಗು ಮಗಳೇ."

"ಸುಮ್ನಿರಿ ಅತ್ತೆ. ನನ್ನ ಬಾಣಂತನದಲ್ಲಿ ನೀವು ನನ್ನ ಬಿಟ್ಟು ಹೋಗಿದ್ರಾ?"

ತಿಪ್ಪಯ್ಯ ಬಾಗಿಲಿಗೆ ಅಡ್ಡ ನಿಂತ. "ಒಲೆ ಹಚ್ಚಿ ಮೂರು ದಿನ ಆಯ್ತು ತಂಗಿ. ನೋಡು, ಒಲೆಯಲ್ಲೇ ಬೆಕ್ಕು ಮಲಗಿದೆ."

ಚಿಕ್ಕತಾಯಿ ನೋಡಿದಳು. ಅಂಥ ಚಳಿಯಲ್ಲೂ ಬೆಕ್ಕು ಮುದುರಿಕೊಂಡಿರಲಿಲ್ಲ. ಒಲೆಯ ಬೂದಿ ಮೇಲೆ ಕಾಲು ಚಾಚಿ ಮಲಗಿತ್ತು.

"ಒಲೆ ತಣ್ಣಗಿದೆಯಾ ಅಣ್ಣಾ?"

"ತಣ್ಣಗಿದೆ."

"ಏನೂ ಬೇಯಿಸಿಲ್ವಾ?"

"ಒಂದು ಕಾಳೂ ಇಲ್ಲ."

"ಬಿಸಿಯಾದದ್ದು ಏನಾದ್ರೂ ಸಿಕ್ಕಿದ್ರೆ?"

ತಿಪ್ಪಯ್ಯ ನಕ್ಕ. "ಸಿಕ್ಕಿದ್ರೆ ಅದು ನನ್ನದಲ್ಲ, ಎಲ್ಲಾ ನಿನ್ನದೇ. ಅರಮನೆ ಉಪ್ಪಿನಾಣೆ!"

ಚಿಕ್ಕತಾಯಿ ಅತ್ತೆಯನ್ನ ಹೊಸ್ತಿಲಲ್ಲಿ ಇಳಿಸಿ, ಒಳಗೆ ಹೋಗಿ ಬೆಕ್ಕನ್ನ ಎತ್ತಿದಳು. ಬೂದಿ ಇನ್ನೂ ಬೆಚ್ಚಗಿತ್ತು. ಬೆಕ್ಕು ಮೈ ಮುರಿದು ಮೂಲೆಗೆ ಹೋಯ್ತು, ಬೋರಲು ಹಾಕಿದ ಮಂಕರಿ ಬುಟ್ಟಿ ಮುಂದೆ ಮಿಯಾಂವ್ ಅಂತು. ಮಂಕರಿ ಎತ್ತಿದರೆ ಹಬೆಯಾಡೋ ರಾಗಿಮುದ್ದೆ, ಗಡಿಗೆ ತುಂಬ ಅವರೆಕಾಳು ಸಾರು!

ತಿಪ್ಪಯ್ಯ ಬಾಗಿಲ ಪಕ್ಕಕ್ಕೆ ಸರಿದು ನಿಂತ. ಆಣೆ ಇಟ್ಟವನು ಅವನೇ.

ಚಿಕ್ಕತಾಯಿ ಅತ್ತೆಯನ್ನ ಒಲೆ ಪಕ್ಕ ಕೂರಿಸಿ, ಮುದ್ದೆ ಮುರಿದು ಸಾರಲ್ಲಿ ಅದ್ದಿ ಬಾಯಿಗಿಟ್ಟಳು. ಒಂದು ತುತ್ತು, ಎರಡು ತುತ್ತು. ಮೂರನೇ ತುತ್ತಿಗೆ ಮುದುಕಿ ಕಣ್ಣರಳಿಸಿ, "ನೀನು ಉಂಡೆಯಾ ತಾಯಿ?" ಅಂದಳು. ಚಿಕ್ಕತಾಯಿಗೆ ಕಣ್ಣು ತುಂಬಿ ಬಂತು.

ಮರದ ಕೆಳಗಿದ್ದ ಇಬ್ಬರನ್ನೂ ಕರೆದಳು. ಎಲ್ಲರೂ ಉಂಡರು. ಆಮೇಲೆ ಕೆಂಚವ್ವ ಬಾಗಿಲ ಕಡೆ ನೋಡಿದಳು. "ಅವನಿಗೂ ಒಂದು ಮುದ್ದೆ ಇಡು ಮಗಳೇ. ಚಳಿ ಅವನಿಗೂ ಇದೆಯಲ್ಲ."

ತಿಪ್ಪಯ್ಯ ತಲೆ ತಗ್ಗಿಸಿ ಕೂತ.

ಜೋಗಿ ಈ ಸುದ್ದೀನ ಊರೂರಲ್ಲಿ ಹಾಡಿದ. ರಾಜನ ಕಿವಿಗೂ ಬಿತ್ತು. ಛತ್ರದ ಸೌಟು ಚಿಕ್ಕತಾಯಿ ಕೈಗೆ ಬಂತು, ಸೌದೆ ಸೀಳೋ ಕೊಡಲಿ ತಿಪ್ಪಯ್ಯನ ಕೈಗೆ.

ಹಸಿದವರಿಂದ ಬಚ್ಚಿಟ್ಟ ಅನ್ನ ದಕ್ಕೋದಿಲ್ಲ ಮಕ್ಕಳೇ. ಹಂಚಿ ಉಂಡ ಅನ್ನವೇ ಮೈಗೆ ಬಿಸಿ. ಅವರು ಅಲ್ಲಿ ಬೆಚ್ಚಗಿದ್ದರು, ನೀವು ಇಲ್ಲಿ ಬೆಚ್ಚಗಿರಿ.