ಮಂಗಳದಿಂದ ಹೊರಬಂದ ಹೆಣ

ಕಾಲೇಜಿನ ಮೈದಾನದಲ್ಲಿ ಕಟ್ಟಿದ್ದ ಅಣಕು ಮಂಗಳಗ್ರಹದ ತಗಡಿನ ಮನೆಯೊಳಗೆ ಯಾತ್ರಿಯಾಗಿದ್ದ ತಿಪ್ಪೇಶನಿಗೆ ಉಬ್ಬಸ ಏರಿತು. ಹೊರಗೆ ರೇಡಿಯೊ ಹಿಡಿದು ಕೂತಿದ್ದ ಸ್ವಯಂಸೇವಕಿ ಶಾಂಭವಿ ಅವನು ಉಸಿರೆಳೆಯುವ ಸದ್ದು ಕೇಳಿದವಳೇ ಪಕ್ಕದಲ್ಲಿದ್ದ ಪ್ರಿನ್ಸಿಪಾಲರತ್ತ ತಿರುಗಿದಳು.

"ಸರ್, ಬಾಗಿಲು ತೆಗೆಸಿ. ಆಸ್ಪತ್ರೆಗೆ ಒಯ್ಯಬೇಕು."

"ಮಂಗಳದಲ್ಲಿ ಆಸ್ಪತ್ರೆ ಇದೆಯೇನಮ್ಮಾ?" ಎಂದು ಪ್ರಿನ್ಸಿಪಾಲರು ಗದರಿದರು. "ಮಂತ್ರಿಗಳು ಬಂದು ನೋಡೋವರೆಗೂ ಜೀವ ಇರೋರು ಯಾರೂ ಹೊರಗೆ ಬರೋ ಹಾಗಿಲ್ಲ!"

ಶಾಂಭವಿ ಮೈಕು ಎತ್ತಿಕೊಂಡಳು. "ಯಾತ್ರಿ ತಿಪ್ಪೇಶ ತೀರಿಕೊಂಡಿದ್ದಾನೆ. ಹೆಣ ಹೊರಗೆ ತನ್ನಿ."

ಕಾವಲಿದ್ದ ಹುಡುಗರು ಬೀಗ ತೆಗೆದು, ಏದುಸಿರು ಬಿಡುತ್ತಿದ್ದ ಹೆಣವನ್ನು ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದರು.

"ಬದುಕಿರೋನನ್ನ ಸತ್ತ ಅಂತೀಯಲ್ಲ! ಇಂಥ ಸುಳ್ಳಾ?" ಪ್ರಿನ್ಸಿಪಾಲರು ಕೆಂಡಾಮಂಡಲವಾದರು.

"ಮಂತ್ರಿಗಳು ಬರೋವರೆಗೆ ಕಾದಿದ್ರೆ ಸುಳ್ಳು ಹೇಳೋ ಅಗತ್ಯಾನೇ ಇರ್ತಿರಲಿಲ್ಲ, ಸರ್," ಎಂದಳು ಶಾಂಭವಿ.