ಯಾರೂ ಮಾಡಿಕೊಡದ ಮುಖವಾಡ

ಇದು ಯವನ ದೇಶದ ಹಳೇ ಮಾತು. ನಾನು ಕಣ್ಣಾರೆ ಕಂಡಿಲ್ಲ. ಆದರೆ ಕಂಡವರಿಗಿಂತ ಚೆನ್ನಾಗಿ ಬಲ್ಲೆ.

ನದಿ ದಂಡೆಯ ಒಂದು ಊರಲ್ಲಿ ಎವಾಂದ್ರ ಅಂತ ಒಬ್ಬ ಗುರು. ನಗೆನಾಟಕ ಕಟ್ಟುವುದು ಅವನ ವಿದ್ಯೆ. ಅವನ ಒಂದೇ ಮಾತಿಗೆ ಆಚೆ ದಡದ ಕತ್ತೆಗಳು ಮೂರು ದಿನ ನಕ್ಕು ಮೇವು ಬಿಟ್ಟಿದ್ದವು. ನಾಲ್ಕು ದಿನ ಅನ್ನುವವರೂ ಇದ್ದಾರೆ.

ಹಬ್ಬದ ಬೆಳಿಗ್ಗೆ ಶಿಷ್ಯ ದೋರಿಯ ಕೇಳಿದ: “ಗುರುಗಳೇ, ಊರಲ್ಲಿ ಇನ್ನೂ ನಾಲ್ವರು ನಗೆನಾಟಕ ಆಡಿಸ್ತಾರೆ. ಅವರೂ ನಗಿಸ್ತಾರೆ, ನೀವೂ ನಗಿಸ್ತೀರಿ. ವ್ಯತ್ಯಾಸ ಏನು?”

“ಹಬ್ಬದ ಪಂದ್ಯದಲ್ಲಿ ಇವತ್ತೂ ನಾಳೆಯೂ ನಮ್ಮ ಆಟ ಇದೆ. ಮೊದಲು ಹೋಗಿ ದಳಪತಿಯ ಮುಖವಾಡ ಮಾಡಿಸಿಕೊಂಡು ಬಾ.”

ದಳಪತಿ ಅಂದರೆ ಊರಿಗೇ ನಡುಕ. ಮನೆಮನೆಯ ಗಂಡುಮಕ್ಕಳನ್ನು ಯುದ್ಧಕ್ಕೆ ಎಳೆದೊಯ್ದು, ತಾನು ಹಿಂದೆ ಡೇರೆಯಲ್ಲಿ ಕೂತು ಕುರಿ ಸುಟ್ಟು ತಿನ್ನುವವನು.

ಮುಖವಾಡ ಮಾಡುವವನು ಕೈಮುಗಿದ. “ಕೋತಿಯದು ಕೇಳಪ್ಪಾ, ಕೊಡ್ತೀನಿ. ದೇವರದ್ದು ಬೇಕಾದರೂ ಕೊಡ್ತೀನಿ. ಅವನದ್ದು ಮಾತ್ರ ಬೇಡ.”

ದೋರಿಯ ಒಂದು ಸೊಟ್ಟ ಬಾಯಿಯ ಮುಖವಾಡ, ಒಂದು ಬುಟ್ಟಿ ಒಣ ಅಂಜೂರ ಹೊತ್ತು ಬಂದ.

“ಇದು ಯಾರೋ?”

“ಸೇತುವೆ ಹತ್ತಿರದ ಕುಂಟ ಭಿಕ್ಷುಕ. ಇವನನ್ನೇ ಅಣಕಿಸೋಣ. ಆ ನಾಲ್ವರೂ ಅದನ್ನೇ ಮಾಡ್ತಾರೆ. ನಗು ಬರದಿದ್ದರೆ ಜನರತ್ತ ಅಂಜೂರ ಎರಚೋಣ. ಅದನ್ನೂ ಅವರು ಮಾಡ್ತಾರೆ. ನಿಮ್ಮ ಜೀವ ಉಳಿದರೆ ಸಾಕು.”

“ಹೋಗು, ಆ ಅಂಜೂರ ಅವನಿಗೇ ಕೊಟ್ಟು ಬಾ.”

ಕೊಟ್ಟು ಬರುವಷ್ಟರಲ್ಲಿ ಗುರು ದ್ರಾಕ್ಷಿ ಮದ್ಯದ ಗಡಿಗೆಯ ತಳದ ಗಸಿಯನ್ನು ಮುಖಕ್ಕೆ ಬಳಿದುಕೊಂಡು ಕೂತಿದ್ದ. ಕೆಂಪು ಕೆನ್ನೆ, ಮುಂದೆ ನೂಕಿದ ಹೊಟ್ಟೆ. ಸಾಕ್ಷಾತ್ ದಳಪತಿ.

“ಮುಖವಾಡ ಇಲ್ಲದೆ ಹೋಗ್ತೀರಾ? ನೀವೇ ಅಂತ ಗೊತ್ತಾಗಿಬಿಡುತ್ತೆ!”

“ಹೊತ್ತಾಯ್ತು, ನಡಿ.”

ಹತ್ತು ಸಾವಿರ ಜನ. ಗುರು ನಾಲ್ಕು ಹೆಜ್ಜೆ ಹಾಕಿದ್ದೇ ತಡ, ಮುಂದಿನ ಸಾಲಿನಿಂದ ದಳಪತಿ ಎದ್ದು ನಿಂತ.

“ಲೋ! ಯಾರ ಹಾಗೆ ನಡೀತಿದ್ದೀಯೋ?”

“ನಿನಗೇ ಗುರುತು ಸಿಕ್ಕಿತಲ್ಲ, ನನ್ನನ್ಯಾಕೆ ಕೇಳ್ತೀಯ?”

ಆ ನಗೆಗೆ ನದಿಯ ದೋಣಿಗಳು ಹಗ್ಗ ಕಿತ್ತುಕೊಂಡವು. ಹಿಂದಿನ ಸಾಲಲ್ಲಿ ಕುಂಟ ಭಿಕ್ಷುಕ ಬಾಯಲ್ಲಿ ಅಂಜೂರ ಇಟ್ಟುಕೊಂಡೇ ನಕ್ಕ.

ಆಮೇಲೆ ದಳಪತಿಯ ಆಳುಗಳು ಬಂದರು.

ಸಂಜೆ ನದಿ ದಂಡೆಯಲ್ಲಿ ದೋರಿಯ ಗುರುವಿನ ಬಾಯಿಯ ರಕ್ತ ತೊಳೆದ. ಎರಡು ಹಲ್ಲು ಕೈಗೆ ಬಂದವು. ಅವತ್ತಿನ ಗೆಲುವಿನ ಮಾಲೆ ಆ ನಾಲ್ವರಲ್ಲಿ ಅಂಜೂರ ಎರಚಿದ ಒಬ್ಬನ ಕೊರಳಿಗೆ ಬಿದ್ದಿತ್ತು.

“ಆ ಭಿಕ್ಷುಕನನ್ನು ಅಣಕಿಸಿದ್ದರೆ ನಿಮ್ಮ ಮೈ ಯಾರೂ ಮುಟ್ತಿರಲಿಲ್ಲ, ಗುರುಗಳೇ!” ಅಂತ ಅತ್ತ.

“ವ್ಯತ್ಯಾಸ ಏನು ಅಂತ ಕೇಳಿದ್ದೆಯಲ್ಲ, ಈಗ ನೀನೇ ಹೇಳಿದೆ. ಗಡಿಗೆಯಲ್ಲಿ ಗಸಿ ಉಳಿದಿದೆಯಾ ನೋಡು. ನಾಳೆಯ ಆಟಕ್ಕೆ ಬೇಕು.”